5 ಮಿ.ಮೀ. ದಪ್ಪದ ಚೂರಿ: ಪೇಪರ್ ಕೊಯ್ಯುತ್ತೆ, ಕ್ಯಾರೆಟ್ ಸೀಳುತ್ತೆ. ಅಲಗು ತೆಳು ಮಾಡೋದು ಹೇಗೆ?

ಬಯಲುಸೀಮೆ_ಕಿಟ್ಟಿ
ಕಮ್ಮಾರರ ಹತ್ರ ಮಾಡಿಸಿದ ಚೂರಿ. ಲಾರಿ ಸ್ಪ್ರಿಂಗ್ ಪ್ಲೇಟಿನ ಉಕ್ಕು. ಅಲಗಿನ ಉದ್ದ 120 ಮಿ.ಮೀ., ಅಗಲ 35, ಬೆನ್ನು 5 ಮಿ.ಮೀ. ದಪ್ಪ. ಸಾಣೆ ಹಿಡಿದ ಇಳಿಜಾರು ಬಾಯಿಯಿಂದ ಮೇಲೆ ಬರೀ 15 ಮಿ.ಮೀ. ಇದೆ, ಅದರಿಂದಾಚೆ ಪೂರ್ತಿ 5 ಮಿ.ಮೀ. ಹಲಗೆ. ಬಾಯಿಯ ಹಿಂದೆ ಕ್ಯಾಲಿಪರ್ ಇಟ್ಟರೆ 1 ಮಿ.ಮೀ. ತೋರಿಸುತ್ತೆ. ಹಿಡಿಯೊಳಗೆ ಉಕ್ಕು ಪೂರ್ತಿ ಹೋಗಿದೆ, ಎರಡೂ ಕಡೆ ಬೀಟೆ ಮರ, ಎರಡು ಹಿತ್ತಾಳೆ ರಿವೆಟ್.

ಹರಿತಕ್ಕೇನೂ ಕಮ್ಮಿ ಇಲ್ಲ, ಪೇಪರ್ ನೇತುಹಾಕಿ ಕೊಯ್ದರೆ ಕೊಯ್ಯುತ್ತೆ. ಆದರೆ ಕ್ಯಾರೆಟ್, ಗೆಣಸು ಹಾಕಿದರೆ ಅರ್ಧ ಹೋಗಿ ಟಪ್ ಅಂತ ಸೀಳಿಬಿಡುತ್ತೆ. ಕಟ್ಟಿಗೆ ಕೆತ್ತೋಕೆ ಹೋದರೆ ಮೇಲೆ ಮೇಲೆ ಜಾರುತ್ತೆ. ಕ್ಯಾಂಪಿನ ಅಡುಗೆ, ಸಣ್ಣ ಕೆತ್ತನೆ, ಬೆರಳು ದಪ್ಪದ ಕೊಂಬೆ ಕಡಿಯೋದು, ಇಷ್ಟೇ ಕೆಲಸ. ಇರೋದು 4 ಇಂಚಿನ ಆಂಗಲ್ ಗ್ರೈಂಡರ್, ವೈಸ್, ಎರಡು ಬದಿಯ ಕ್ಯೂಮಿ ಸಾಣೆಕಲ್ಲು, ಅರಗಳು. ಬೆಲ್ಟ್ ಗ್ರೈಂಡರ್ ಇಲ್ಲ. ಹದ ಕೆಡದ ಹಾಗೆ ತೆಳು ಮಾಡಬಹುದಾ? ಎಷ್ಟು ತೆಳು ಮಾಡಬೇಕು?

ಸಾಣೆಪುರಾಣ
ಅಳತೆ ಕೊಟ್ಟು ಪ್ರಶ್ನೆ ಕೇಳಿದ್ದಕ್ಕೆ ಮೊದಲು ಧನ್ಯವಾದ. "ನನ್ನ ಚೂರಿ ಸರಿ ಇಲ್ಲ, ಏನ್ ಮಾಡ್ಲಿ" ಅಂತಷ್ಟೇ ಬರೆಯೋರೇ ಇಲ್ಲಿ ಜಾಸ್ತಿ.

ನಿಮ್ಮ ರೋಗ ಬಾಯಿಯಲ್ಲಿಲ್ಲ, ಬಾಯಿಯ ಹಿಂದೆ ಇದೆ. ಪೇಪರ್ ಕೊಯ್ಯೋಕೆ ಕೂದಲೆಳೆಯಷ್ಟು ಬಾಯಿ ಚೂಪಿದ್ದರೆ ಸಾಕು, ಯಾಕೆಂದರೆ ಪೇಪರ್ ಎರಡೂ ಕಡೆ ಸರಿದು ದಾರಿ ಬಿಡುತ್ತೆ. ಕ್ಯಾರೆಟ್ ದಾರಿ ಬಿಡಲ್ಲ. ಒಳಗೆ ಹೋದಷ್ಟೂ ಅಲಗಿನ ದಪ್ಪ ಅದನ್ನು ಅಗಲಿಸಬೇಕು. 15 ಮಿ.ಮೀ. ಎತ್ತರದಲ್ಲೇ 5 ಮಿ.ಮೀ. ದಪ್ಪ ಆಗೋ ಅಲಗು ಕೊಯ್ಯಲ್ಲ, ಬೆಣೆ ಹೊಡೆಯುತ್ತೆ.

ಬಾಯಿಯ ಹಿಂದಿನ ದಪ್ಪ, ಅಂದರೆ ಕೊನೆಯ ಸಣ್ಣ ಇಳಿಜಾರು ಶುರುವಾಗೋ ಜಾಗದ ದಪ್ಪ, ಅಡುಗೆ ಚಾಕುವಿಗೆ 0.2ರಿಂದ 0.3 ಮಿ.ಮೀ. ಇರುತ್ತೆ. ಕಾಡು ಮೇಡು ತಿರುಗೋ ಚೂರಿಗೆ 0.4ರಿಂದ 0.6. ಕಡಿಯೋ ಮಚ್ಚಿಗೆ 0.8ರಿಂದ 1. ನೀವು ಚೂರಿಗೆ ಮಚ್ಚಿನ ಬಾಯಿ ಇಟ್ಕೊಂಡಿದ್ದೀರಿ. ಹೇಳಿದ ಕೆಲಸಕ್ಕೆ 0.5 ಸಾಕು.

ಸುಮ್ನೆ_ಗುರು
ಒಂದು ಮೋರಾ ಕಂಪ್ಯಾನಿಯನ್ ಚೂರಿ ತಗೊಳ್ಳಿ ಗುರು. 2.5 ಮಿ.ಮೀ. ದಪ್ಪ. ಮುಗೀತು ಕಥೆ.

ಸಾಣೆಪುರಾಣ
@ಸುಮ್ನೆ_ಗುರು ಕ್ಯಾರೆಟ್ ವಿಷಯದಲ್ಲಿ ಮೋರಾನೂ ಅಷ್ಟೇನೂ ಸಾಧು ಅಲ್ಲ. ಅದು ಸ್ಕ್ಯಾಂಡಿ ಸಾಣೆ. ಇಳಿಜಾರು ಕೆಳಗಿನ ಕೆಲವೇ ಮಿ.ಮೀ. ಮಾತ್ರ, ಮೇಲೆ ಪೂರ್ತಿ ದಪ್ಪ. ಮರಕ್ಕೆ ಬೊಂಬಾಟ್, ಗಟ್ಟಿ ತರಕಾರಿಗೆ ಅದೂ ಬೆಣೆಯೇ. ಇಲ್ಲಿರೋ ಪ್ರಶ್ನೆ ಹೊಸದು ಕೊಳ್ಳೋದಲ್ಲ, ಇರೋದನ್ನ ಸರಿ ಮಾಡೋದು.

ಹುಬ್ಬಳ್ಳಿ_ಫಿಟ್ಟರ್
ಆಂಗಲ್ ಗ್ರೈಂಡರ್ ಮುಟ್ಟಬ್ಯಾಡ್ರಿ. ಅಂದ್ರ ಬಾಯಿ ಹತ್ರ ಮುಟ್ಟಬ್ಯಾಡ್ರಿ. 100 ಮಿ.ಮೀ. ಡಿಸ್ಕ್ 11,000 ಆರ್‌ಪಿಎಂನ್ಯಾಗ ತಿರಗಿದ್ರ ಅಂಚಿನ ವೇಗ ಸೆಕೆಂಡಿಗೆ 57 ಮೀಟರ್ ಆಗ್ತದ. ಹದ ಹಾಕಿದ ಚೂರಿ ಉಜ್ಜಾಕ ಬೆಲ್ಟ್ ಗ್ರೈಂಡರ್‌ದವ್ರು 8ರಿಂದ 15 ಮೀಟರಿನ್ಯಾಗ ಓಡಸ್ತಾರ. ಮ್ಯಾಲ ಡಿಸ್ಕ್ ಒಂದ ಸಣ್ಣ ಜಾಗಾದಾಗ ತಿಕ್ಕತದ, ಕಾವು ಹರದ ಹೋಗಾಕ ಟೈಮ ಸಿಗಂಗಿಲ್ಲ. ಬಾಯಿ ಕಡೆ ಉಕ್ಕು ತೆಳು ಇರ್ತದಲ್ಲ, ಎರಡ ಸೆಕೆಂಡಿನ್ಯಾಗ ನೀಲಿ ಆಗ್ತದ.

ಇನ್ನೊಂದು, ಫ್ಲ್ಯಾಪ್ ಡಿಸ್ಕಿಲೆ (ಎಮರಿ ಎಲಿ ಜೋಡಿಸಿದ ಡಿಸ್ಕು) ಸಪಾಟ ಬರಂಗಿಲ್ರಿ. ಅಲ್ಲಲ್ಲೆ ತಗ್ಗು ಬೀಳ್ತಾವ. ಆ ತಗ್ಗು ತಗಿಲಿಕ್ಕೆ ಮತ್ತ ಸುತ್ತಲಿಂದ ಉಕ್ಕು ತಗೀಬೇಕು. ಕಡೀಗೆ 5 ಮಿ.ಮೀ. ಇದ್ದದ್ದು 3 ಆಗ್ತದ.

ಕೋಟೆಬೆಟ್ಟ
ನೀರು ಸುರೀತಾ ಗ್ರೈಂಡರ್ ಹಿಡಿದರೆ ಕಾವು ಏರಲ್ವಲ್ಲ?

ಹುಬ್ಬಳ್ಳಿ_ಫಿಟ್ಟರ್
@ಕೋಟೆಬೆಟ್ಟ ಕರೆಂಟ್ ಮಷೀನ್ ಮ್ಯಾಲ ನೀರು ಸುರದ್ರ ಚೂರಿ ತಣ್ಣಗ ಇರ್ತದ, ನೀವೂ ತಣ್ಣಗ ಆಗ್ತೀರಿ. ಬ್ಯಾಡ.

ಹದಗಾರ
ಕಾವಿನ ಲೆಕ್ಕ ಸರಿಯಾಗಿ ಹೇಳ್ತೀನಿ, ಈ ವಿಷಯದಲ್ಲಿ ಗಾಳಿಮಾತು ಬಹಳ.

ಸ್ಪ್ರಿಂಗ್ ಪ್ಲೇಟು ನಮ್ಮಲ್ಲಿ ಹೆಚ್ಚಾಗಿ ಇಎನ್45 ಥರದ ಸಿಲಿಕಾನ್ ಮ್ಯಾಂಗನೀಸ್ ಉಕ್ಕು, ಇಲ್ಲವೇ ಕ್ರೋಮ್ ಇರೋ 5160ರ ಜಾತಿ. ಎರಡರಲ್ಲೂ ಇಂಗಾಲ ಶೇಕಡಾ 0.6ರ ಆಸುಪಾಸು. ಚೂರಿಗೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಆಮೇಲೆ 200 ಡಿಗ್ರಿ ಸುಮಾರಿನಲ್ಲಿ ಹದ ಇಳಿಸಿದರೆ ಗಡಸುತನ 57-58 ಎಚ್‌ಆರ್‌ಸಿ (ರಾಕ್‌ವೆಲ್ ಅಳತೆ) ಬರುತ್ತೆ. ಆಮೇಲೆ ಯಾವತ್ತಾದರೂ ಅಲಗು ಆ 200 ದಾಟಿದರೆ ಇನ್ನಷ್ಟು ಮೆದು ಆಗುತ್ತೆ. ತಣ್ಣೀರಲ್ಲಿ ಅದ್ದಿದರೆ ವಾಪಸ್ ಬರಲ್ಲ.

ಬಣ್ಣದ ಲೆಕ್ಕ: ತಿಳಿ ಹುಲ್ಲಿನ ಬಣ್ಣ 205ರಿಂದ 220 ಡಿಗ್ರಿ, ಕಂದು 255, ನೇರಳೆ 280, ನೀಲಿ 300ರ ಹತ್ತಿರ. ನೀಲಿ ಕಂಡರೆ ಆ ಜಾಗದ ಬಾಯಿ ಹೋಯ್ತು ಅಂತ ತಿಳ್ಕೊಳ್ಳಿ.

ಕೋಟೆಬೆಟ್ಟ
ಅಂದರೆ ಬಣ್ಣ ಬರದಿದ್ದರೆ ಸೇಫ್.

ಹದಗಾರ
@ಕೋಟೆಬೆಟ್ಟ ಇಲ್ಲ, ಅದೇ ದೊಡ್ಡ ತಪ್ಪು ತಿಳಿವಳಿಕೆ. ಬೆಲ್ಟೋ ಡಿಸ್ಕೋ ಬಣ್ಣ ಬಂದ ಪದರವನ್ನ ಮುಂದಿನ ಕ್ಷಣದಲ್ಲೇ ಉಜ್ಜಿ ತೆಗೆದಿರುತ್ತೆ. ನಿಮಗೆ ಬೆಳ್ಳಗೆ ಹೊಳೆಯೋ ಉಕ್ಕೇ ಕಾಣುತ್ತೆ, ಒಳಗೆ ಹದ ಇಳಿದಿರುತ್ತೆ. ಬಣ್ಣ ಬಂದರೆ ಕೆಟ್ಟಿದೆ ಅಂತ ಗ್ಯಾರಂಟಿ. ಬರದಿದ್ದರೆ ಯಾವ ಗ್ಯಾರಂಟಿಯೂ ಇಲ್ಲ.

ಮಷೀನಲ್ಲಿ ಮಾಡೋರಿಗೆ ನಿಯಮ ಸುಲಭ: ಕೈಗವಸು ಹಾಕಬೇಡಿ, ಹೆಬ್ಬೆರಳು ಅಲಗಿನ ಹಿಂದೆ ಇರಲಿ. 60 ಡಿಗ್ರಿ ದಾಟುತ್ತಿದ್ದ ಹಾಗೆ ಬೆರಳು ತಾನೇ ಬಿಡುತ್ತೆ. ಒಂದು ಸಲ ಎಳೆ, ಒಂದು ಸಲ ನೀರಿಗೆ ಅದ್ದು. ಅಲಗಿನ ಮೇಲಿರೋ ನೀರಿನ ಹನಿ ಚುರ್ ಅಂದರೆ 100 ದಾಟಿದೆ, ನಿಲ್ಲಿಸಿ. ಸವೆದ ಬೆಲ್ಟು ಕೊಯ್ಯಲ್ಲ, ತಿಕ್ಕುತ್ತೆ. ಕಾವು ಹುಟ್ಟೋದು ಅಲ್ಲೇ. ಬೆಲ್ಟ್ ಉಳಿಸೋಕೆ ಹೋಗಿ ಚೂರಿ ಕಳ್ಕೊಳ್ಳಬೇಡಿ.

ತೀರ್ಥಳ್ಳಿ_ಭಟ್ರು
ಮಾರಾಯ್ರೇ, ಅವರ ಹತ್ರ ಬೆಲ್ಟೇ ಇಲ್ಲ ಅಂದ್ರಲ್ಲ. ಕೈಯಲ್ಲಿ ಮಾಡೋ ದಾರಿ ಹೇಳಿ.

ಅದಕ್ಕೂ ಮೊದಲು ಎರಡು ಪರೀಕ್ಷೆ ಆಗ್ಬೇಕು. ಕಿಟ್ಟಿಯವರೇ, ನಯವಾದ ಒಂದು ಅರ ತಗೊಂಡು ಅಲಗಿನ ಪಕ್ಕದಲ್ಲಿ ಬೆನ್ನಿನಿಂದ ಬಾಯಿ ಕಡೆಗೆ ಸ್ವಲ್ಪ ಸ್ವಲ್ಪ ಇಳಿಸ್ತಾ ಹಗುರಕ್ಕೆ ಉಜ್ಜಿ ನೋಡಿ. ಅರ ಎಲ್ಲಿಯವರೆಗೆ ಕಚ್ಚುತ್ತೆ, ಎಲ್ಲಿಂದ ಗಾಜಿನ ಮೇಲೆ ಹೋದ ಹಾಗೆ ಜಾರುತ್ತೆ ಅಂತ ಗುರುತು ಮಾಡಿ. ಕಮ್ಮಾರರು ಹೆಚ್ಚಾಗಿ ಅಲಗು ಪೂರ್ತಿ ಮುಳುಗಿಸೋದಿಲ್ಲ, ಬಾಯಿ ಕಡೆ ಮಾತ್ರ ಅದ್ದುತ್ತಾರೆ.

ಎರಡನೇದು ಬಿರುಕು. ಸ್ಪ್ರಿಂಗ್ ಪ್ಲೇಟು ವರ್ಷಾನುಗಟ್ಟಲೆ ಕುಣಿದು ದಣಿದ ಉಕ್ಕು. ಅಲಗಿಗೆ ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ತೆಳ್ಳಗೆ ಸವರಿ. ಬಿರುಕಿದ್ದರೆ ಒಳಗಿದ್ದ ಎಣ್ಣೆ ಸುಣ್ಣಕ್ಕೆ ಹೀರಿ ಕಪ್ಪು ಗೆರೆ ಮೂಡುತ್ತೆ. ಗೆರೆ ಬಂದರೆ ತೆಳು ಮಾಡೋ ಕೆಲಸಕ್ಕೆ ಕೈ ಹಾಕ್ಲೇಬೇಡಿ.

ಬಯಲುಸೀಮೆ_ಕಿಟ್ಟಿ
ಎರಡೂ ನೋಡಿದೆ ಭಟ್ರೇ. ಸುಣ್ಣದಲ್ಲಿ ಗೆರೆ ಇಲ್ಲ. ಅರ ಬೆನ್ನಿನ ಕಡೆ ಚೆನ್ನಾಗಿ ಕಚ್ಚುತ್ತೆ. ಬಾಯಿಯಿಂದ ಸುಮಾರು 14 ಮಿ.ಮೀ. ಒಳಗೆ ಬಂದರೆ ಜಾರೋಕೆ ಶುರು. ಇದು ಒಳ್ಳೇದಾ ಕೆಟ್ಟದ್ದಾ?

ತೀರ್ಥಳ್ಳಿ_ಭಟ್ರು
ಬಹಳ ಒಳ್ಳೇದು. ಅರ್ಧ ಕೆಲಸ ಅರದಲ್ಲೇ ಆಗುತ್ತೆ.

ಲೆಕ್ಕದ_ಮೇಷ್ಟ್ರು
ಅರ್ಧ ಅಲ್ಲ, ಮೂರನೇ ಒಂದು ಭಾಗ. ಲೆಕ್ಕ ಹಾಕೋಣ.

ಈಗಿನ ಅಡ್ಡಕೊಯ್ತ: ಮೇಲಿನ 20 ಮಿ.ಮೀ. ಪೂರ್ತಿ 5 ದಪ್ಪ, ಅಂದರೆ 100 ಚದರ ಮಿ.ಮೀ. ಕೆಳಗಿನ 15ರಲ್ಲಿ 5ರಿಂದ 1ಕ್ಕೆ ಇಳಿಯುತ್ತೆ, ಸರಾಸರಿ 3, ಅಂದರೆ 45. ಒಟ್ಟು 145. ಬೆನ್ನಿನಿಂದ ಬಾಯಿಯವರೆಗೆ ಒಂದೇ ಇಳಿಜಾರು, ಅಂದರೆ ಫುಲ್ ಫ್ಲ್ಯಾಟ್ ಮಾಡಿ ಬಾಯಲ್ಲಿ 0.5 ಉಳಿಸಿದರೆ 96 ಚಿಲ್ಲರೆ. ವ್ಯತ್ಯಾಸ 49 ಚದರ ಮಿ.ಮೀ. 120 ಮಿ.ಮೀ. ಉದ್ದಕ್ಕೆ ಸುಮಾರು 5.9 ಘನ ಸೆಂ.ಮೀ., ಉಕ್ಕಿನ ಸಾಂದ್ರತೆ 7.85 ಹಿಡಿದರೆ 46 ಗ್ರಾಂ. ತುದಿ ಕಡೆ ಅಗಲ ಕಡಿಮೆ ಇರೋದರಿಂದ ಸ್ವಲ್ಪ ಕಮ್ಮಿ ಹಿಡೀರಿ. ಅಲಗಿನ ಮೂರನೇ ಒಂದು ಭಾಗದಷ್ಟು ಉಕ್ಕನ್ನ ಕೈಯಲ್ಲಿ ಪುಡಿ ಮಾಡೋದು ಅಂದರೆ ತೋಳು ಬಿದ್ದುಹೋಗುತ್ತೆ.

ಅದರ ಬದಲು ಇಳಿಜಾರನ್ನ 15ರಿಂದ 25 ಮಿ.ಮೀ.ಗೆ ಏರಿಸಿ, ಮೇಲಿನ 10 ಹಾಗೇ ಬಿಡಿ. ತೆಗೆಯಬೇಕಾದ್ದು ಸುಮಾರು 25 ಗ್ರಾಂಗೆ ಇಳಿಯುತ್ತೆ. ಹಳೇ ಭುಜ, ಅಂದರೆ ಇಳಿಜಾರು ಮುಗಿದು ಪೂರ್ತಿ ದಪ್ಪ ಶುರುವಾಗೋ ಮೂಲೆ, ಇರೋ 15 ಮಿ.ಮೀ. ಎತ್ತರದಲ್ಲಿ ಅತಿ ಹೆಚ್ಚು, ಒಂದೊಂದು ಕಡೆಗೆ 0.9 ಮಿ.ಮೀ. ಬಾಯಿಯ ಹತ್ತಿರ ಒಂದೊಂದು ಕಡೆಗೆ ಕಾಲು ಮಿ.ಮೀ. ಅಷ್ಟೇ. ಈ ಭುಜದಿಂದ ಮೇಲಿನ ಭಾಗ ನಿಮ್ಮಲ್ಲಿ ಮೆದು, ಅದಕ್ಕೆ ಅರ ಸಾಕು. ಗಡಸು ಭಾಗಕ್ಕೆ ಕಲ್ಲು. ಇಳಿಜಾರಿನ ಕೋನ ಒಂದು ಬದಿಗೆ 7.6 ಡಿಗ್ರಿ ಇದ್ದದ್ದು 5.1ಕ್ಕೆ ಬರುತ್ತೆ. ಕ್ಯಾರೆಟ್ಟಿಗೆ ಈ ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ.

ಸುಮ್ನೆ_ಗುರು
ಮೇಷ್ಟ್ರೇ ನಮಸ್ಕಾರ. ಚೂರಿಗೆ ಇಷ್ಟು ಗಣಿತ ಬೇಕಾ 😄

ಲೆಕ್ಕದ_ಮೇಷ್ಟ್ರು
ಬೇಡ. 21 ಗ್ರಾಂ ಹೆಚ್ಚು ಉಜ್ಜೋಕೆ ತೋಳು ರೆಡಿ ಇದ್ದರೆ ಬೇಡ.

ತೀರ್ಥಳ್ಳಿ_ಭಟ್ರು
ಕ್ರಮ ಹೇಳ್ತೀನಿ, ಹೀಗೇ ಮಾಡಿ.

ಮೊದಲ ಕೆಲಸ: ಬಾಯಿಯನ್ನ ಬೇಕಂತಲೇ ಮೊಂಡು ಮಾಡಿ. ಕಲ್ಲಿನ ಮೇಲೆ ಚೂರಿ ನೆಟ್ಟಗೆ ನಿಲ್ಲಿಸಿ ನಾಕು ಸಲ ಎಳೀರಿ, 0.3 ಮಿ.ಮೀ.ಯಷ್ಟು ಸಪಾಟು ಗೆರೆ ಬರ್ಲಿ. ಕೈ ಕೊಯ್ಯಲ್ಲ ಅನ್ನೋದು ಒಂದು. ಆ ಹೊಳೆಯೋ ಗೆರೆ ಎರಡೂ ಕಡೆ ಉಜ್ಜುವಾಗ ಎಷ್ಟು ಉಳಿದಿದೆ ಅಂತ ಕಣ್ಣಿಗೆ ಕಾಣುತ್ತೆ ಅನ್ನೋದು ಇನ್ನೊಂದು. ಕೊನೇವರೆಗೂ ಗೆರೆ ಎಲ್ಲಾ ಕಡೆ ಒಂದೇ ಅಗಲ ಇರ್ಬೇಕು. ಎಲ್ಲಿ ಮಾಯ ಆಯ್ತೋ ಅಲ್ಲಿ ಜಾಸ್ತಿ ತೆಗೆದಿದ್ದೀರಿ.

ಆಮೇಲೆ ಅಲಗಿಗೆ ಪರ್ಮನೆಂಟ್ ಮಾರ್ಕರ್ ಬಳಿದು, ಬಾಯಿಯಿಂದ 25 ಮಿ.ಮೀ.ಗೆ ಕ್ಯಾಲಿಪರ್ ತುದಿಯಲ್ಲಿ ಉದ್ದಕ್ಕೂ ಗೀರಿ, ಎರಡೂ ಕಡೆ. ಹಿಡಿಗೆ ಟೇಪು ಸುತ್ತಿ, ಮರ ಮತ್ತು ಉಕ್ಕು ಸೇರೋ ಸಂದಿಗೆ ಎರಡು ಸುತ್ತು ಜಾಸ್ತಿ ಇರ್ಲಿ.

ಒಂದು ಹಲಗೆ ತಗೊಂಡು ಚೂರಿಯನ್ನ ಅದರ ಮೇಲೆ ಮಲಗಿಸಿ, ಹಿಡಿಯನ್ನ ಕ್ಲ್ಯಾಂಪಿನಲ್ಲಿ ಬಿಗೀರಿ. ಬಾಯಿ ಹಲಗೆಯ ಅಂಚಿನಿಂದ 2-3 ಮಿ.ಮೀ. ಒಳಗೇ ಇರ್ಲಿ, ಹೊರಗೆ ಚಾಚಿದರೆ ಅರ ಜಾರಿದಾಗ ಬೆರಳು ಹೋಗುತ್ತೆ. ಹಲಗೆಯನ್ನ ವೈಸಿಗೆ ಕಚ್ಚಿಸಿ. ಬಾಸ್ಟರ್ಡ್ ಅರದಲ್ಲಿ (ಒರಟು ಹಲ್ಲಿನದ್ದು) ಹಳೇ ಭುಜವನ್ನ ಇಳಿಸ್ತಾ 25ರ ಗೀರಿಗೆ ಮುಟ್ಟಿಸಿ. ಅರ ಜಾರೋಕೆ ಶುರುವಾದ ಕೂಡ್ಲೇ ನಿಲ್ಲಿಸಿ, ಒತ್ತಿದರೆ ಅರದ ಹಲ್ಲು ಹೋಗುತ್ತೆ.

ಗಡಸು ಭಾಗಕ್ಕೆ 60 ನಂಬರಿನ ಗ್ರೈಂಡರ್ ಬೆಲ್ಟಿನ ತುಂಡನ್ನ 25x6 ಮಿ.ಮೀ. ಕಬ್ಬಿಣದ ಪಟ್ಟಿಗೆ ಅಂಟಿಸಿ ಅರದ ಹಾಗೇ ಉಜ್ಜಿ. ಬೆಲ್ಟಿನ ಬಟ್ಟೆ ಗಟ್ಟಿ, ಎಮರಿ ಪೇಪರ್ ಇದಕ್ಕೆ ಹತ್ತು ನಿಮಿಷವೂ ಬರಲ್ಲ. ಕ್ಯೂಮಿಯ ಒರಟು ಬದಿಯೂ ಆಗುತ್ತೆ. ಕಲ್ಲು ನಡುವೆ ತಗ್ಗಾದರೆ ಇಳಿಜಾರು ಉಬ್ಬುತ್ತೆ, ಅದಕ್ಕೆ ಆಗಾಗ ನೆಲದ ಒರಟು ಕಾಂಕ್ರೀಟಿನ ಮೇಲೆ ನೀರು ಹಾಕಿ ಕಲ್ಲನ್ನ ಸಪಾಟು ಮಾಡ್ಕೊಳ್ಳಿ.

ಒಂದೇ ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆ ಅಂತ ಹೋಗ್ಬೇಡಿ. ಹದ ಹಾಕಿದ ಉಕ್ಕಿನೊಳಗೆ ಎಳೆತ ಇರುತ್ತೆ, ಒಂದು ಮಗ್ಗುಲು ತೆಳುವಾದರೆ ಅಲಗು ಆ ಕಡೆಗೋ ಈ ಕಡೆಗೋ ಬಾಗುತ್ತೆ. ಸ್ವಲ್ಪ ಸ್ವಲ್ಪಕ್ಕೇ ಮಗುಚಿ. ಬಾಯಿಯ ಗೆರೆ ಕಣ್ಣಿಗೆ ನೇರ ಹಿಡಿದು ನೋಡ್ತಾ ಇರಿ.

ಹುಬ್ಬಳ್ಳಿ_ಫಿಟ್ಟರ್
ಭಟ್ರು ಹೇಳಿದ್ದು ಕರೆಕ್ಟ್ ಐತ್ರಿ. ಒಂದ ಸೇರಸ್ತೀನಿ. ಹಿಡಿ ಹತ್ರ ಇಳಿಜಾರು ಮುಗಿಯೋ ಜಾಗ ಐತಲ್ಲ, ಪ್ಲಂಜ್ ಲೈನ್, ಅಲ್ಲಿ ಅರದ ಚೌಕ ಅಂಚು ತಾಗಿ ಮೂಲಿ ಕಡದಂಗ ಆಗಬಾರದು. ಚೂಪ ಮೂಲಿ ಬಿದ್ರ ಬಿರುಕು ಅಲ್ಲಿಂದನ ಹೊಂಡ್ತದ. ಅರದ ಅಂಚು ಮೊದಲ ಕಲ್ಲಿಗೆ ತಿಕ್ಕಿ ದುಂಡಗ ಮಾಡ್ಕೋರಿ. ಎರಡೂ ಕಡೆ ಪ್ಲಂಜ್ ಒಂದಕ್ಕೊಂದು ಎದರ ಬರಬೇಕು, ಇಲ್ಲಂದ್ರ ನೋಡಾಕೂ ಚಂದ ಇಲ್ಲ.

ಕ್ಯಾಲಿಪರಿನ ದವಡಿ ಇಳಿಜಾರಿನ ಮ್ಯಾಲ ಜಾರ್ತದ. ಬಾಯಿಯಿಂದ 1 ಮಿ.ಮೀ. ಮ್ಯಾಲ ಮಾರ್ಕರಿನ ಗೆರಿ ಹಾಕಿ ಅಲ್ಲೇ ಅಳೀರಿ, ಮೂರ ಜಾಗಾದಾಗ: ಹಿಡಿ ಹತ್ರ, ನಡುವ, ತುದಿ ಹತ್ರ.

ಕೋಟೆಬೆಟ್ಟ
ಇಷ್ಟೆಲ್ಲಾ ಸಪಾಟು ಯಾಕೆ? ಕಾನ್ವೆಕ್ಸ್ ಮಾಡಿ, ಬೆನ್ನಿಂದ ಬಾಯಿಗೆ ಉಬ್ಬಿಳಿಜಾರು. ಕೈಯಲ್ಲಿ ಮಾಡೋಕೆ ಅದೇ ಸುಲಭ, ಗಟ್ಟಿ ಕೂಡ.

ಸಾಣೆಪುರಾಣ
ಒಂದು ಮಟ್ಟಿಗೆ ಒಪ್ತೀನಿ. ಆದರೆ "ಕಾನ್ವೆಕ್ಸ್ ಗಟ್ಟಿ" ಅನ್ನೋದು ಅರ್ಧ ಸತ್ಯ. ಯಾವುದಕ್ಕೆ ಹೋಲಿಸಿ? ಅದೇ ಬೆನ್ನು, ಅದೇ ಬಾಯಿ ಇಟ್ಟು ನಡುವೆ ಉಬ್ಬು ಬಿಟ್ಟರೆ ಉಕ್ಕು ಜಾಸ್ತಿ ಉಳಿಯುತ್ತೆ, ಹಾಗಾಗಿ ಗಟ್ಟಿ. ಹಾಗೇ ದಪ್ಪವೂ. ಇವರ ರೋಗವೇ ದಪ್ಪ. ಸಪಾಟಾಗಿ ತೆಳು ಮಾಡಿ ಆಮೇಲೆ ಭುಜದ ಮೂಲೆ ಮುರಿದು ಸ್ವಲ್ಪ ಉಬ್ಬಿಸಿದರೆ ಸರಿ. ಮೊದಲೇ ಉಬ್ಬಿಸಿಕೊಂಡು ಹೋದರೆ ಬಾಯಿಯ ಹತ್ತಿರ ಕಡಿಮೆ ತೆಗೆದು, ಕೊನೆಗೆ ಅದೇ 1 ಮಿ.ಮೀ. ಉಳಿದಿರುತ್ತೆ. ಕಾನ್ವೆಕ್ಸ್ ಅಂತ ಹೇಳಿ ಮಾರೋ ಎಷ್ಟೋ ಚೂರಿಗಳ ಕಥೆ ಇದೇ.

ಕೋಟೆಬೆಟ್ಟ
ಕೊಂಬೆ ಕಡಿಯೋವಾಗ ಸಪಾಟು ಅಲಗು ಕಚ್ಚಿಕೊಳ್ಳುತ್ತೆ, ಉಬ್ಬಿದ್ದು ಬಿಡಿಸಿಕೊಳ್ಳುತ್ತೆ. ಇದನ್ನಂತೂ ಒಪ್ಪಲೇಬೇಕು.

ಸಾಣೆಪುರಾಣ
ಒಪ್ಪಿದೆ. ಅದಕ್ಕೇ ಮಚ್ಚು, ಕೊಡಲಿಗೆ ಉಬ್ಬು ಇರೋದು. 120 ಮಿ.ಮೀ. ಚೂರಿಯಲ್ಲಿ ಎಷ್ಟು ಕಡೀತೀರಿ ಸ್ವಾಮಿ?

ಮಡಿಕೇರಿ_ಮಂಜು
ಕಡಿಯೋದು ಅಂದ ಮೇಲೆ ನಮ್ಮ ಕೊಡಗಿನ ಬಾಗುಕತ್ತಿ, ಒಡಿಕತ್ತಿ ವಿಷಯ ಬರ್ಲೇಬೇಕು. ಅದರ ಬಾಯಿ ಇರೋದು ಒಳಬಾಗಿನ ಕಡೆ. ಸಪಾಟು ಕಲ್ಲಲ್ಲಿ ಅದಕ್ಕೆ ಸಾಣೆ ಹಿಡಿಯೋಕೆ ಆಗಲ್ಲ, ಕಲ್ಲಿನ ಎರಡು ತುದಿ ಮಾತ್ರ ತಾಗುತ್ತೆ. ದುಂಡು ಕಲ್ಲು, ಇಲ್ಲಾ ಪೈಪಿಗೆ ಎಮರಿ ಸುತ್ತಿ ಎಳೀಬೇಕು. ಪೈಪಿನ ದುಂಡು ಕತ್ತಿಯ ಬಾಗಿಗಿಂತ ಚಿಕ್ಕದಿರಬೇಕು. ಗೊನೆ ಕೊಯ್ಯೋ ಕೊಕ್ಕೆಕತ್ತಿಗೂ ಇದೇ.

ಸುಮ್ನೆ_ಗುರು
ಬೆನ್ನಿಗೂ ಹರಿತ ಮಾಡಿದರೆ? ಎರಡೂ ಕಡೆ ಬಾಯಿ. ಸಖತ್ ಕಾಣುತ್ತೆ.

ಲೆಕ್ಕದ_ಮೇಷ್ಟ್ರು
@ಸುಮ್ನೆ_ಗುರು ಬೇಡ. ಕಟ್ಟಿಗೆ ಕೆತ್ತುವಾಗ ಹೆಬ್ಬೆರಳು ಬೆನ್ನಿನ ಮೇಲೆ ಇಡ್ತೀವಿ, ಅದೊಂದೇ ಕಾರಣ ಸಾಕು. ಎರಡು ಬಾಯಿ ಇದ್ದರೆ ಅದು ಬಾಕು, ಕೆಲಸದ ಚೂರಿ ಅಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಬಾಕುಗಳ ಹೆಸರಿದೆ. ಜೊತೆಗೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚೂರಿಗಳೂ ಇವೆ. ಮನೆಕೆಲಸ, ಕೃಷಿ, ವಿಜ್ಞಾನ, ಕೈಗಾರಿಕೆಗೆ ಅಂತ ಮಾಡಿದವನ್ನ ಹೊರಗಿಟ್ಟಿದ್ದಾರೆ. ಕಿಟ್ಟಿಯವರದ್ದು ಉದ್ದದಲ್ಲಿ 5 ಇಂಚೂ ಇಲ್ಲ, ಅಗಲ ಒಂದೂವರೆ ಇಂಚಿನೊಳಗೆ. ಹಾಗೇ ಒಂದೇ ಬಾಯಿ ಇರಲಿ.

ಬೆನ್ನಿನ ಮೂಲೆಗಳನ್ನ ಅರದಲ್ಲಿ ನಿಖರ 90 ಡಿಗ್ರಿ ಮಾಡಿಕೊಂಡರೆ ತೊಗಟೆ ಹೆರೆಯೋಕೆ, ಕಿಡಿ ಹಾರಿಸೋ ಫೆರೋ ರಾಡ್ ಗೀರೋಕೆ ಆಗುತ್ತೆ. ಇವರದ್ದು ಬೆನ್ನು ಮೆದು, ಮೂಲೆ ಬೇಗ ಮೊಂಡಾಗುತ್ತೆ. ಮತ್ತೆ ಅರ ಹಾಕಿದರಾಯ್ತು.

ಬಯಲುಸೀಮೆ_ಕಿಟ್ಟಿ
ಭಟ್ರ ಕ್ರಮದಲ್ಲೇ ಶುರು ಮಾಡಿದ್ದೀನಿ. ಅರದ ಭಾಗ ಮುಗೀತು. ಬಾಯಿಯ ಹಿಂದೆ ಈಗ 0.7. ಒಂದು ತೊಂದರೆ: ನಡುವೆ 0.7 ಇದ್ದರೆ ತುದಿ ಹತ್ತಿರ 0.5 ಬಂದಿದೆ, ಹಿಡಿ ಹತ್ತಿರ 0.85.

ತೀರ್ಥಳ್ಳಿ_ಭಟ್ರು
ಕೈ ತುದಿ ಕಡೆ ಹೋದ ಹಾಗೆ ಭಾರ ಬೀಳುತ್ತೆ, ಅಲ್ಲಿ ಬಾಯಿ ಬೇರೆ ಮೇಲಕ್ಕೆ ಬಾಗಿರುತ್ತೆ, ಎಲ್ಲರಿಗೂ ಹೀಗೇ. ತುದಿಯ ಕೊನೆ 40 ಮಿ.ಮೀ. ಮುಟ್ಟಲೇಬೇಡಿ ಇನ್ನು, ಅಲ್ಲಿಗೆ ಟೇಪು ಹಚ್ಚಿ. ಹಿಡಿ ಕಡೆಯದ್ದನ್ನ ಓರೆಯಾಗಿ ಉಜ್ಜಿ. ಒಂದು ಸಲ ಎಡ ಓರೆ, ಇನ್ನೊಂದು ಸಲ ಬಲ ಓರೆ. ಗೀರುಗಳು ಒಂದನ್ನೊಂದು ದಾಟಿದಾಗ ಎಲ್ಲಿ ಉಬ್ಬು, ಎಲ್ಲಿ ತಗ್ಗು ಅಂತ ಎದ್ದು ಕಾಣುತ್ತೆ.

ಹದಗಾರ
ತುದಿ ತೆಳುವಾಗೋದು ಕೊಯ್ಯೋದಕ್ಕೆ ಒಳ್ಳೇದೇ, ಆದರೆ ಅದರಲ್ಲಿ ಡಬ್ಬ ಎಬ್ಬೋ ಕೆಲಸ ಇನ್ನು ಬಂದ್. ಅಲಗು ಬಾಗದೆ ತಡೆಯೋ ಶಕ್ತಿ ದಪ್ಪದ ಘನಕ್ಕೆ ತಕ್ಕ ಹಾಗೆ. ದಪ್ಪ ಅರ್ಧ ಆದರೆ ಬಿಗಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತೆ.

ಸಾಣೆಪುರಾಣ
0.5 ಬಂದ ಮೇಲೆ ನಯ ಮಾಡೋದು: ಪಿ120, ಪಿ220, ಪಿ400 ವಾಟರ್ ಪೇಪರ್, ಹಿಂದೆ ಗಟ್ಟಿ ಪಟ್ಟಿ ಇರಲಿ, ಬೆರಳಲ್ಲಿ ಒತ್ತಬೇಡಿ. ಪ್ರತಿ ನಂಬರಿಗೂ ದಿಕ್ಕು ಬದಲಿಸಿ, ಹಿಂದಿನ ನಂಬರಿನ ಒಂದು ಗೀರೂ ಉಳಿಯಬಾರದು. 60ರ ಗೀರು ಉಳಿಸಿಕೊಂಡು 400ಕ್ಕೆ ಹಾರಿದರೆ ಹೊಳೆಯೋ ಗೀರು ಸಿಗುತ್ತೆ, ಅಷ್ಟೇ. ನೀರಿನ ಬದಲು ಸೀಮೆಎಣ್ಣೆ ಬಳಸಿ, ತುಕ್ಕು ಹಿಡಿಯಲ್ಲ. ಕೆಲಸದ ಚೂರಿಗೆ 400 ಸಾಕು, ಕನ್ನಡಿ ಹೊಳಪು ಫೋಟೋಗೆ. ಪಾಲಿಶ್ ಮಾಡ್ತೀನಿ ಅಂತ ಬಫಿಂಗ್ ಚಕ್ರಕ್ಕೆ ಮಾತ್ರ ಹಿಡೀಬೇಡಿ, ಬಾಯಿ ಸಿಕ್ಕಿಕೊಂಡರೆ ಚೂರಿಯನ್ನ ಕಿತ್ತು ಎಸೆಯುತ್ತೆ.

ಕೊನೆಗೆ ಬಾಯಿ. ಒಂದು ಬದಿಗೆ 20 ಡಿಗ್ರಿ ಹಿಡೀರಿ. 35 ಮಿ.ಮೀ. ಅಗಲಕ್ಕೆ ಬೆನ್ನನ್ನ ಕಲ್ಲಿನಿಂದ 12 ಮಿ.ಮೀ. ಎತ್ತಬೇಕು.

ಲೆಕ್ಕದ_ಮೇಷ್ಟ್ರು
12 ತಪ್ಪು. ಅದು ಬೆನ್ನಿನ ನಡುಗೆರೆಗೆ. ಕಲ್ಲಿನ ಕಡೆ ಇರೋ ಬೆನ್ನಿನ ಮೂಲೆ ಅದಕ್ಕಿಂತ ಅರ್ಧ ದಪ್ಪ, ಅಂದರೆ 2.5 ಮಿ.ಮೀ. ಕೆಳಗಿರುತ್ತೆ. ಕಲ್ಲಿಗೂ ಆ ಮೂಲೆಗೂ ನಡುವೆ 9.5 ಸಾಕು. 12 ಎತ್ತಿದರೆ 24-25 ಡಿಗ್ರಿ ಆಗುತ್ತೆ.

ಸಾಣೆಪುರಾಣ
ಸರಿ ಮೇಷ್ಟ್ರೇ, 9.5. ಅಷ್ಟು ದಪ್ಪದ ಮರದ ಬೆಣೆ ಮಾಡಿಟ್ಟುಕೊಂಡು, ಉಜ್ಜೋಕೆ ಮುಂಚೆ ಸಲ ಸಲಕ್ಕೂ ಕೋನ ನೋಡಿಕೊಳ್ಳಿ.

ಒಂದು ಕಡೆ ಉಜ್ಜಿದಾಗ ಇನ್ನೊಂದು ಕಡೆಗೆ ಉದ್ದಕ್ಕೂ ಸಣ್ಣ ತಂತಿಯ ಹಾಗೆ ಉಕ್ಕು ಮಡಚುತ್ತೆ, ಹೆಬ್ಬೆರಳನ್ನ ಬೆನ್ನಿಂದ ಬಾಯಿ ಕಡೆಗೆ ಸವರಿದರೆ ಗೊತ್ತಾಗುತ್ತೆ. ಅದು ಹಿಡಿಯಿಂದ ತುದಿವರೆಗೆ ಬರೋ ತನಕ ಕಡೆ ಬದಲಿಸಬೇಡಿ. ಆಮೇಲೆ ಭಾರ ಕಮ್ಮಿ ಮಾಡ್ತಾ ಒಂದೊಂದೇ ಎಳೆತಕ್ಕೆ ಕಡೆ ಬದಲಿಸಿ ಆ ತಂತಿ ತೆಗೀರಿ. ಕೊನೆಗೆ ಹಳೇ ಸೊಂಟದ ಬೆಲ್ಟಿನ ತೊಗಲಿಗೆ ಹಸಿರು ಕ್ರೋಮಿಯಂ ಆಕ್ಸೈಡ್ ಸವರಿ ಹತ್ತು ಸಲ ಎಳೆದರೆ ಸಾಕು. ಹೊಸ ಬಾಯಿಯ ಇಳಿಜಾರು ಮುಕ್ಕಾಲು ಮಿ.ಮೀ. ಅಗಲ ಕಾಣಬೇಕು. ಮೊದಲು ಇದ್ದದ್ದು ಒಂದೂವರೆ.

ಹದಗಾರ
ಕೆಲಸಕ್ಕೆ ಹಚ್ಚೋ ಮುಂಚೆ ಹಿತ್ತಾಳೆ ಕಂಬಿಯ ಪರೀಕ್ಷೆ ಮಾಡಿ. 6 ಮಿ.ಮೀ. ಹಿತ್ತಾಳೆ ಕಂಬಿಯನ್ನ ವೈಸಿಗೆ ಹಾಕಿ, ಬಾಯಿಯನ್ನ ಅದರ ಮೇಲೆ ಸಾಣೆಯ ಕೋನದಲ್ಲೇ ಇಟ್ಟು, ಕಣ್ಣಿಗೆ ಬಾಯಿ ಬಾಗೋದು ಕಾಣೋವಷ್ಟು ಒತ್ತಿ, ಉದ್ದಕ್ಕೂ ಎಳೀರಿ. ಬಾಗಿ ವಾಪಸ್ ನೆಟ್ಟಗಾದರೆ ಹದ ಸರಿ ಇದೆ. ಬಾಗಿದ್ದು ಹಾಗೇ ಉಳಿದರೆ ಮೆದು, ಇಲ್ಲವೇ ಆ ಗಡಸಿಗೆ ಬಾಯಿ ಅತಿ ತೆಳು. ಚಕ್ಕೆ ಎದ್ದರೆ ಅತಿ ಗಡಸು. ಕನ್ನಡಕ ಹಾಕ್ಕೊಂಡೇ ಮಾಡಿ.

ಬಾಗಿದ್ದು ಉಳಿದರೆ ಗಾಬರಿ ಬೇಡ, ಕೋನ 20ರಿಂದ 23ಕ್ಕೆ ಏರಿಸಿ ಮತ್ತೆ ನೋಡಿ. ಕುಲುಮೆಯಲ್ಲಿ ಬಾಯಿಯ ಮೇಲ್ಪದರದ ಇಂಗಾಲ ಸುಟ್ಟುಹೋಗಿರುತ್ತೆ, ಆ ಪದರ ಮೆದು. ನೀವು ಈಗ ತೆಗೆದಿರೋ ಕಾಲು ಮಿ.ಮೀ.ನಲ್ಲಿ ಅದೂ ಹೋಗಿರಬೇಕು. ಎಷ್ಟೋ ಚೂರಿಗಳು ನಾಕೈದು ಸಲ ಸಾಣೆ ಆದ ಮೇಲೇ ಬಾಯಿ ನಿಲ್ಲೋಕೆ ಶುರು ಮಾಡೋದು ಇದಕ್ಕೇ.

ಮಡಿಕೇರಿ_ಮಂಜು
ತುಕ್ಕು ವಿಷಯ ಯಾರೂ ಹೇಳಿಲ್ಲ. ಹೊಸದಾಗಿ ಉಜ್ಜಿದ ಸ್ಪ್ರಿಂಗ್ ಉಕ್ಕು ನಮ್ಮ ಮಳೆಗಾಲದಲ್ಲಿ ಒಂದು ರಾತ್ರಿಗೆ ಕೆಂಪಾಗುತ್ತೆ. ಸೋಪಿನಲ್ಲಿ ಜಿಡ್ಡು ತೊಳೆದು, ಬಿಸಿ ವಿನೆಗರಿನಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸ್ತಾ ಇದ್ದರೆ ಬೂದು ಬಣ್ಣದ ಪದರ ಕೂರುತ್ತೆ. ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರಲ್ಲಿ ತೊಳೆದು, ಒಣಗಿಸಿ, ಕೊಬ್ಬರಿ ಎಣ್ಣೆ. ತೊಗಲಿನ ಒರೆಯಲ್ಲಿ ಇಟ್ಟು ಮರೆತುಬಿಡಬೇಡಿ, ತೊಗಲು ನೀರು ಹಿಡಿದಿಟ್ಟುಕೊಳ್ಳುತ್ತೆ.

ಬಯಲುಸೀಮೆ_ಕಿಟ್ಟಿ
ಮುಗೀತು. ಹಿಡಿ ಕಡೆ 0.55, ನಡುವೆ 0.5, ತುದಿ ಕಡೆ 0.45. ಹಿತ್ತಾಳೆ ಪರೀಕ್ಷೆ 20 ಡಿಗ್ರಿಯಲ್ಲಿ ಪಾಸ್. ಕ್ಯಾರೆಟ್ ಕೊನೇವರೆಗೂ ಕೊಯ್ಯುತ್ತೆ, ದಪ್ಪ ಗೆಣಸಿನಲ್ಲಿ ಮಾತ್ರ ಕೊನೆಗೆ ಸ್ವಲ್ಪ ಸೀಳುತ್ತೆ. ಬೀಟೆ ಮರ ಮತ್ತು ಉಕ್ಕಿನ ನಡುವೆ ಕೂದಲೆಳೆ ಸಂದಿ ಕಾಣ್ತಿದೆ, ಮೊದಲಿತ್ತೋ ಈಗ ಬಂತೋ ಗೊತ್ತಿಲ್ಲ. ಬಿಚ್ಚಬೇಕಾ?

ತೀರ್ಥಳ್ಳಿ_ಭಟ್ರು
ಗೆಣಸಿಗೆ ಸೀಳೋದು 5 ಮಿ.ಮೀ. ಬೆನ್ನು ಇನ್ನೂ ಇದೆಯಲ್ಲ, ಅದರಿಂದ. ಭುಜದ ಗೆರೆಯ ಮೂಲೆಯನ್ನ ಪಿ220ರಲ್ಲಿ ದುಂಡಗೆ ಮಾಡಿ, ಇನ್ನಷ್ಟು ಸಲೀಸಾಗುತ್ತೆ.

ಹಿಡಿ ಅಲ್ಲಾಡದಿದ್ದರೆ ಬಿಚ್ಚೋದು ಬೇಡ. ಎರಡು ದಿನ ಬಿಸಿಲಲ್ಲಿ ಅಲ್ಲ, ನೆರಳಲ್ಲಿ ಒಣಗಿಸಿ. ಆಮೇಲೆ ನಿಧಾನಕ್ಕೆ ಗಟ್ಟಿಯಾಗೋ ಎಪಾಕ್ಸಿಯನ್ನ ಹೇರ್ ಡ್ರೈಯರಿನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿದರೆ ನೀರಾಗುತ್ತೆ, ಸಂದಿಗೆ ಸವರಿ, ಕ್ಲ್ಯಾಂಪು ಹಗುರಕ್ಕೆ ಬಿಗಿದು ಒಂದು ದಿನ ಬಿಡಿ. ಐದು ನಿಮಿಷದ್ದು ಬೇಡ, ಅದು ಒಳಗೆ ಇಳಿಯೋ ಮೊದಲೇ ಕಟ್ಟಿಕೊಳ್ಳುತ್ತೆ.

ಹುಬ್ಬಳ್ಳಿ_ಫಿಟ್ಟರ್
ಕ್ಲ್ಯಾಂಪ್ ಬಿಗಿಯೋ ಮುಂಚೆ ಬಾಯಿಗೆ ಎರಡ ಸುತ್ತು ಟೇಪ ಹಚ್ಚರಿ. ಈಗ ಅದು ಮೊದಲಿನ ಚೂರಿ ಅಲ್ಲ.